ಕಲ್ಲಿದ್ದಲಿಗೆ ಕಾದ ಅಡ್ಮಿರಲ್

ಜರ್ಮನ್ ಅಡ್ಮಿರಲ್ ಕಥೆ ಹೇಳುತ್ತೇನೆ ಅಂತ ಬಂದವನು ಮದ್ರಾಸಿನಿಂದ ಶುರು ಮಾಡುತ್ತೇನೆ. ಕಾರಣ ಇದೆ.

1914ರ ಸೆಪ್ಟೆಂಬರ್ 22, ಮೊದಲ ಮಹಾಯುದ್ಧದ ಕಾಲ, ರಾತ್ರಿ ಸುಮಾರು ಒಂಬತ್ತೂವರೆ. ಊಟ ಮುಗಿಸಿ ಜನ ಮಲಗುವ ಹೊತ್ತು. ಮದ್ರಾಸ್ ಬಂದರಿನ ಎದುರು ಕತ್ತಲಲ್ಲಿ ಒಂದು ಹಡಗು ಬಂದು ನಿಂತಿತು. ಸರ್ಚ್‌ಲೈಟ್ ಹಾಕಿ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು ಎಲ್ಲಿವೆ ಅಂತ ನೋಡಿಕೊಂಡಿತು. ಆಮೇಲೆ ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡು ಹಾರಿಸಿ, ಎಣ್ಣೆಗೆ ಬೆಂಕಿ ಹಚ್ಚಿ, ಬಂದ ಹಾಗೇ ಹೊರಟುಹೋಯಿತು. ಅದರ ಹೆಸರು ಎಮ್ಡೆನ್. ಜರ್ಮನಿಯ ಲೈಟ್ ಕ್ರೂಸರ್, ಅಂದರೆ ಸಣ್ಣ, ಚುರುಕಾದ ಯುದ್ಧನೌಕೆ. ಮಾರನೇ ದಿನದಿಂದ ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಇವತ್ತಿಗೂ ತಮಿಳಿನಲ್ಲಿ ಮಹಾ ಗಟ್ಟಿಗನಿಗೆ, ಸ್ವಲ್ಪ ಭಯ ಹುಟ್ಟಿಸುವ ಆಸಾಮಿಗೆ 'ಎಮ್ಡನ್' ಅನ್ನುತ್ತಾರೆ. ಮಲಯಾಳದಲ್ಲಿ ಏನಾದರೂ ತೀರಾ ದೊಡ್ಡದಾಗಿದ್ದರೆ 'ಎಮಂಡನ್'. ಅರ್ಧ ಗಂಟೆಯ ಕೆಲಸಕ್ಕೆ ಎರಡು ಭಾಷೆಯಲ್ಲಿ ಜಾಗ ಸಿಕ್ಕಿತು ನೋಡಿ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಮದ್ರಾಸಿನಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಪೆಸಿಫಿಕ್ ಸಾಗರದ ನಡುವಿನ ಟಹೀಟಿ ದ್ವೀಪದಲ್ಲಿ ಅದೇ ತಾರೀಕಿನ ಬೆಳಗಿನ ಆರು. ಅಲ್ಲಿನ ಪಪೀಟೆ ಬಂದರಿನ ಎದುರಿಗೂ ಅವತ್ತು ಬೆಳಿಗ್ಗೆ ಎರಡು ದೊಡ್ಡ ಜರ್ಮನ್ ಯುದ್ಧನೌಕೆ ಬಂದು ನಿಂತವು. ಒಂದೆರಡು ಗಂಟೆ ಹಿಂದೆ ಮುಂದೆ ಇರಬಹುದು, ಅಷ್ಟೇ. ಅಲ್ಲೂ ಗುಂಡು ಹಾರಿತು, ಅಲ್ಲೂ ಬೆಂಕಿ ಬಿತ್ತು. ಮೊದಲೇ ಮಾತಾಡಿಕೊಂಡು ಮಾಡಿದ್ದಲ್ಲ. ಐದು ವಾರದ ಹಿಂದೆ ಈ ಹಡಗುಗಳು ಒಂದೇ ಗುಂಪಿನಲ್ಲಿದ್ದವು. ಒಂದು ಮಾತ್ರ ಪಶ್ಚಿಮಕ್ಕೆ ಹೋಯಿತು, ಉಳಿದವು ಪೂರ್ವಕ್ಕೆ. ಆ ಗುಂಪಿನ ಯಜಮಾನನೇ ನಮ್ಮ ಇವತ್ತಿನ ಮನುಷ್ಯ, ವೈಸ್ ಅಡ್ಮಿರಲ್ ಮ್ಯಾಕ್ಸಿಮಿಲಿಯನ್ ಫಾನ್ ಸ್ಪೇ. ಎಮ್ಡೆನ್ ಹೆಸರು ನಮ್ಮವರ ಬಾಯಲ್ಲಿ ಉಳಿಯಿತು. ಅದನ್ನು ಕಳಿಸಿದವನ ಹೆಸರು ಉಳಿಯಲಿಲ್ಲ.

ಇವನನ್ನು ಗ್ರಾಫ್ ಸ್ಪೇ ಅಂತಲೂ ಕರೆಯುತ್ತಾರೆ. ಗ್ರಾಫ್ ಅಂದರೆ ಹೆಸರಲ್ಲ, ವಂಶದಿಂದ ಬರುವ ಬಿರುದು, ಇಂಗ್ಲಿಷರ ಕೌಂಟ್ ಇದ್ದ ಹಾಗೆ. ಹುಟ್ಟಿದ್ದು 1861ರ ಜೂನ್ 22, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಮನೆತನ ಮಾತ್ರ ರೈನ್ ನದಿಯ ಕಡೆಯದು, ಹಳೇ ಕ್ಯಾಥೋಲಿಕ್ ಜಮೀನ್ದಾರರು. ಜರ್ಮನಿಯಲ್ಲಿ ಅಂಥ ಮನೆಯ ಹುಡುಗರು ಕುದುರೆ ಹತ್ತಿ ಭೂಸೇನೆಗೆ ಹೋಗುವುದು ವಾಡಿಕೆ. ಇವನು 1878ರಲ್ಲಿ ನೌಕಾಪಡೆ ಸೇರಿದ. ಆಗ ಜರ್ಮನ್ ನೌಕಾಪಡೆ ಅಂದರೆ ಮನೆಯ ಕಿರಿ ಸೊಸೆ ಇದ್ದ ಹಾಗೆ. ಇದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಮಾತಾಡಿಸುವುದಿಲ್ಲ.

ಶುರುವಿನ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಆಫ್ರಿಕಾದ ಪಶ್ಚಿಮ ಕರಾವಳಿಗೆ ಹೋದ. 1887ರಲ್ಲಿ ಕ್ಯಾಮರೂನ್‌ನಲ್ಲಿ ಬಂದರಿನ ಹೊಣೆ ಹೊತ್ತ. ಅಲ್ಲಿ ಜ್ವರ ಹಿಡಿದು ಕೀಲುಗಳಲ್ಲಿ ನೋವು ಸೇರಿಕೊಂಡಿತು, ಊರಿಗೆ ವಾಪಸ್ ಕಳಿಸಿದರು. 1889ರಲ್ಲಿ ಮಾರ್ಗರೇಟೆಯನ್ನು ಮದುವೆಯಾದ. ಓಟೊ, ಹೈನ್‌ರಿಶ್ ಅಂತ ಇಬ್ಬರು ಗಂಡುಮಕ್ಕಳು, ಹುಬೆರ್ಟಾ ಅಂತ ಒಬ್ಬ ಮಗಳು. ಈ ಮೂರು ಹೆಸರು ಸ್ವಲ್ಪ ನೆನಪಿಟ್ಟುಕೊಂಡಿರಿ. ಆಳು ಎತ್ತರ, ಅಗಲ ಭುಜ, ಚೂಪು ಗಡ್ಡ. ಗಿಡ, ಹಕ್ಕಿ, ಹುಳ ಅಂದರೆ ಪ್ರಾಣ. ಸಂಜೆ ಹೊತ್ತು ಬ್ರಿಜ್ ಅನ್ನುವ ಇಸ್ಪೀಟಾಟದ ಹುಚ್ಚು.

1897ರಲ್ಲಿ ಮುಖ್ಯ ತಿರುವು ಬಂತು. ಜರ್ಮನಿ ಚೀನಾದ ಕಿಯಾವ್‌ಚೌ ಕೊಲ್ಲಿಯನ್ನು ಹಿಡಿದುಕೊಂಡಿತು. ಮಾರನೇ ವರ್ಷ 99 ವರ್ಷದ ಗುತ್ತಿಗೆ ಬರೆಸಿಕೊಂಡಿತು. ಆ ತಂಡದಲ್ಲಿ ಸ್ಪೇ ಇದ್ದ. ಅಲ್ಲಿ ಜರ್ಮನರು ಚಿಂಗ್‌ಡಾವ್ ಅನ್ನುವ ಊರು ಕಟ್ಟಿದರು. ಕೆಂಪು ಹೆಂಚಿನ ಮನೆಗಳು, ಇಗರ್ಜಿ, 1903ರಲ್ಲಿ ಒಂದು ಬಿಯರ್ ಕಾರ್ಖಾನೆ. ಆ ಬಿಯರ್ ಇವತ್ತೂ ಬರುತ್ತದೆ, ನಿಮ್ಮಲ್ಲಿ ಕೆಲವರು ವಿದೇಶದಲ್ಲಿ ಕುಡಿದಿರಲೂಬಹುದು, ಯಾರು ಅಂತ ಕೇಳುವುದಿಲ್ಲ.

ಚಿಂಗ್‌ಡಾವ್‌ನ ವಿಶೇಷ ಏನೆಂದರೆ ಅದು ವಸಾಹತು ಇಲಾಖೆಯ ಕೈಯಲ್ಲಿರಲಿಲ್ಲ, ನೇರವಾಗಿ ನೌಕಾಪಡೆಯ ಕೈಯಲ್ಲಿತ್ತು. ನೌಕಾ ಇಲಾಖೆಯ ಮುಖ್ಯಸ್ಥ ಅಡ್ಮಿರಲ್ ಟಿರ್ಪಿಟ್ಸ್. ಅವನು ತನ್ನ ನೌಕಾಪಡೆ ಎಷ್ಟು ಚೆಂದ ಕೆಲಸ ಮಾಡುತ್ತದೆ ಅಂತ ಜನಕ್ಕೆ ತೋರಿಸಲು ಆ ಊರನ್ನು ಷೋಕೇಸ್ ಮಾಡಿಕೊಂಡಿದ್ದ. ಆದರೆ ದುಡ್ಡನ್ನೆಲ್ಲ ಸುರಿದದ್ದು ಬೇರೆ ಕಡೆ. ಇಂಗ್ಲೆಂಡಿನ ಎದುರು ಉತ್ತರ ಸಮುದ್ರದಲ್ಲಿ ನಿಲ್ಲಿಸುವ ದೊಡ್ಡ ದೊಡ್ಡ ಬ್ಯಾಟಲ್‌ಶಿಪ್‌ಗಳ ಮೇಲೆ. ದೂರದ ಚೀನಾದ ಪಡೆ ಬಾವುಟ ತೋರಿಸುವುದಕ್ಕೆ, ಗವರ್ನರುಗಳ ಜೊತೆ ಊಟ ಮಾಡುವುದಕ್ಕೆ ಇದ್ದದ್ದು. ನಿಜವಾದ ಯುದ್ಧ ಬಂದರೆ ಅದು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಬರ್ಲಿನ್‌ನಲ್ಲಿ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ಸ್ಪೇ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದ. 1905ರಲ್ಲಿ ಕ್ಯಾಪ್ಟನ್, ವಿಟೆಲ್ಸ್‌ಬಾಕ್ ಅನ್ನುವ ಬ್ಯಾಟಲ್‌ಶಿಪ್‌ನ ಹೊಣೆ. 1910ರಲ್ಲಿ ರಿಯರ್ ಅಡ್ಮಿರಲ್. 1912ರ ಕೊನೆಗೆ ಪೂರ್ವ ಏಷ್ಯಾ ಪಡೆಯ ಮುಖ್ಯಸ್ಥ. ಅವನ ಕೈಗೆ ಬಂದದ್ದು ಶಾರ್ನ್‌ಹಾರ್ಸ್ಟ್ ಮತ್ತು ಗ್ನೈಸೆನಾವ್ ಅನ್ನುವ ಎರಡು ದೊಡ್ಡ ಕ್ರೂಸರ್, ಜೊತೆಗೆ ಸಣ್ಣ ಕ್ರೂಸರುಗಳು. ದೊಡ್ಡ ಎರಡಕ್ಕೂ ತಲಾ ಎಂಟು 21 ಸೆಂಟಿಮೀಟರ್ ಫಿರಂಗಿ. ಗುರಿ ಇಡುವುದರಲ್ಲಿ ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ಬಹುಮಾನ ಗೆದ್ದ ಹಡಗುಗಳು. ಹಡಗಿನವರು ವರ್ಷಗಟ್ಟಲೆ ಒಟ್ಟಿಗೆ ಪಳಗಿದವರು. ಮಗ ಹೈನ್‌ರಿಶ್ ಗ್ನೈಸೆನಾವ್‌ನಲ್ಲಿ, ಓಟೊ ನ್ಯೂರ್ನ್‌ಬರ್ಗ್ ಅನ್ನುವ ಸಣ್ಣ ಕ್ರೂಸರಿನಲ್ಲಿ.

ಈಗ ಕಲ್ಲಿದ್ದಲಿನ ವಿಷಯಕ್ಕೆ ಬರುತ್ತೇನೆ. ಇದು ತಿಳಿಯದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ.

ನಾನು ಹುಡುಗನಾಗಿದ್ದಾಗ ಬೀರೂರಿನಿಂದ ಶಿವಮೊಗ್ಗಕ್ಕೆ ಉಗಿ ಇಂಜಿನ್ ರೈಲಿನಲ್ಲಿ ಹೋಗುತ್ತಿದ್ದೆವು. ಕಿಟಕಿ ಪಕ್ಕ ಕೂತು ತಲೆ ಹೊರಗೆ ಹಾಕಿದರೆ ಕಣ್ಣಿಗೆ ಕರೀ ಪುಡಿ. ಇಳಿಯುವಾಗ ಬಿಳೀ ಅಂಗಿ ಬೂದಿ ಬಣ್ಣ. ಅದು ಒಂದು ಇಂಜಿನ್ನು. ಶಾರ್ನ್‌ಹಾರ್ಸ್ಟ್‌ನ ಹೊಟ್ಟೆಗೆ 2,000 ಟನ್ ಕಲ್ಲಿದ್ದಲು ಬೇಕು. ಅಷ್ಟು ತುಂಬಿದರೂ ನಿಧಾನಕ್ಕೆ ಹೋದರೆ ಮಾತ್ರ ಕೆಲವು ವಾರ ಬಾಳಿಕೆ. ವೇಗ ಸ್ವಲ್ಪ ಏರಿಸಿದರೆ ಕರಗಿಹೋಗುವುದೇ ಗೊತ್ತಾಗುವುದಿಲ್ಲ. ನಾವು ಘಾಟಿ ಹತ್ತುವ ಮೊದಲು ಪೆಟ್ರೋಲ್ ಬಂಕ್ ಎಲ್ಲಿದೆ ಅಂತ ನೋಡಿಕೊಳ್ಳುತ್ತೇವೆ ಅಲ್ವಾ? ಬ್ರಿಟಿಷರಿಗೆ ಪ್ರಪಂಚದ ಮೂಲೆಮೂಲೆಯಲ್ಲೂ ಬಂಕ್ ಇತ್ತು. ಏಡನ್, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ದಕ್ಷಿಣ ಅಮೆರಿಕದ ಕೆಳತುದಿಯ ಹತ್ತಿರದ ಫಾಕ್‌ಲ್ಯಾಂಡ್ ದ್ವೀಪಗಳು. ಸ್ಪೇಗೆ ಇದ್ದದ್ದು ಒಂದೇ, ಚಿಂಗ್‌ಡಾವ್.

ಬಂದರಿಲ್ಲದಿದ್ದರೆ ಕಲ್ಲಿದ್ದಲನ್ನು ಸಮುದ್ರದಲ್ಲೇ ತುಂಬಿಸಿಕೊಳ್ಳಬೇಕು. ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಯಾವುದೋ ದ್ವೀಪದ ಮರೆಯಲ್ಲಿ ಲಂಗರು ಹಾಕುತ್ತಾರೆ. ಕಲ್ಲಿದ್ದಲಿನ ಹಡಗು ಪಕ್ಕಕ್ಕೆ ಬರುತ್ತದೆ. ಅಲೆಗೆ ಎರಡೂ ಹಡಗು ಒಂದಕ್ಕೊಂದು ಗುದ್ದಿಕೊಳ್ಳುತ್ತಿರುತ್ತವೆ. ಕೆಳಗೆ ಹೊಟ್ಟೆಯೊಳಗೆ ಇಳಿದವರು ಸಲಿಕೆಯಲ್ಲಿ ಚೀಲ ತುಂಬುತ್ತಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ, ಸೊಂಟಕ್ಕೆ ಬಿಟ್ಟರೆ ಮೈಮೇಲೆ ಏನೂ ಇಲ್ಲ. ಭೂಮಧ್ಯರೇಖೆಯ ಬಿಸಿಲು. ಚೀಲ ಮೇಲೆ ಬರುತ್ತದೆ, ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಡೆಕ್ಕಿನ ತೂತುಗಳಲ್ಲಿ ಸುರಿಯುತ್ತಾರೆ. ಒಳಗೆ ಬಂಕರ್‌ನಲ್ಲಿ, ಅಂದರೆ ಕಲ್ಲಿದ್ದಲಿನ ಕೋಣೆಯಲ್ಲಿ, ನಿಂತವನು ಆ ಧೂಳಿನಲ್ಲೇ ಅದನ್ನು ಮೂಲೆಗೆ ಎಳೆದು ಹರಡಬೇಕು. ಆಫೀಸರುಗಳೂ ಕೈ ಹಾಕುತ್ತಾರೆ. ಒಂದು ದಿನ, ಎರಡು ದಿನ. ಬಂಕರ್ ತುಂಬಿದ ಮೇಲೆ ಡೆಕ್ಕಿನ ಮೇಲೂ ರಾಶಿ ಹಾಕುತ್ತಾರೆ, ಯಾಕೆಂದರೆ ಮುಂದೆ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಆಮೇಲೆ ಇಡೀ ಹಡಗು ತೊಳೆಯಬೇಕು. ಇದನ್ನು 1914ರಲ್ಲಿ ಯುದ್ಧ ಶುರುವಾದ ಮೇಲಿನ ನಾಲ್ಕು ತಿಂಗಳಲ್ಲಿ ಅವರು ಮತ್ತೆ ಮತ್ತೆ ಮಾಡಿದರು. ಯುದ್ಧ ಮಾಡಿದ್ದು ಒಟ್ಟು ಎರಡು ಸಲ.

1914ರ ಜೂನ್‌ನಲ್ಲಿ ಸ್ಪೇ ಚಿಂಗ್‌ಡಾವ್ ಬಿಟ್ಟಾಗ ಅದು ಮಾಮೂಲಿ ಪ್ರವಾಸ. ದಕ್ಷಿಣದ ಜರ್ಮನ್ ದ್ವೀಪಗಳಿಗೆ ಹೋಗಿ ಬರುವುದು. ಕ್ಯಾರೊಲೈನ್ ದ್ವೀಪಗಳ ಪೊನಾಪೆಯಲ್ಲಿದ್ದಾಗ ಯುದ್ಧದ ಸುದ್ದಿ ಬಂತು. ಜಪಾನ್ ಬ್ರಿಟನ್ ಕಡೆ ಸೇರುವುದು ಖಾತ್ರಿ ಅನ್ನಿಸಿತು, ಆಗಸ್ಟ್ 23ಕ್ಕೆ ಸೇರಿಯೂ ಬಿಟ್ಟಿತು. ಅಂದರೆ ಚಿಂಗ್‌ಡಾವ್‌ಗೆ ವಾಪಸ್ ಹೋಗುವಂತಿಲ್ಲ. ಜಪಾನಿನ ನೌಕಾಪಡೆಯ ಎದುರು ಇವನದು ಯಾವ ಲೆಕ್ಕ?

ಆಗಸ್ಟ್ 13ಕ್ಕೆ ಮರಿಯಾನಾ ದ್ವೀಪಗಳ ಪಗಾನ್‌ನಲ್ಲಿ ಕ್ಯಾಪ್ಟನ್‌ಗಳನ್ನು ಕರೆದು ಕೇಳಿದ, ಏನು ಮಾಡೋಣ ಅಂತ. ಇಡೀ ಪಡೆ ಹಿಂದೂ ಮಹಾಸಾಗರಕ್ಕೆ ಬಂದರೆ ಕಲ್ಲಿದ್ದಲು ಸಿಗುವ ದಾರಿಯೇ ಇಲ್ಲ, ಸುತ್ತ ಎಲ್ಲ ಬ್ರಿಟಿಷರ ಬಂದರುಗಳು. ಅಮೆರಿಕ ಖಂಡದ ಕಡೆ ಹೋದರೆ ಚಿಲಿ ತಟಸ್ಥ ದೇಶ, ಅಲ್ಲಿ ಜರ್ಮನ್ ವ್ಯಾಪಾರಿಗಳು ಬಹಳ, ಕಲ್ಲಿದ್ದಲು ಕೊಳ್ಳಬಹುದು. ಹಾಗಾಗಿ ಪೂರ್ವಕ್ಕೆ ಅಂತ ತೀರ್ಮಾನ. ಎಮ್ಡೆನ್‌ನ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್ ಮಾತ್ರ, ಒಂದೇ ಹಡಗಾದರೆ ಹಿಂದೂ ಮಹಾಸಾಗರದಲ್ಲಿ ಬದುಕಬಹುದು, ಹಿಡಿದ ಹಡಗುಗಳ ಕಲ್ಲಿದ್ದಲಲ್ಲೇ ನಡೆಸಬಹುದು, ನನ್ನನ್ನು ಬಿಡಿ ಅಂದ. ಸ್ಪೇ ಬಿಟ್ಟ. ಆ ಒಂದು ಮಾತಿನಿಂದ ಮದ್ರಾಸಿಗೆ ಎಮ್ಡೆನ್ ಬಂತು.

ಇಲ್ಲಿ ಒಂದು ಪಕ್ಕದ ಮಾತು. ಎಮ್ಡೆನ್ ನಮ್ಮ ಕನ್ನಡ ಕರಾವಳಿಗೆ ಗುಂಡು ಹಾರಿಸಲಿಲ್ಲ. ಪಶ್ಚಿಮದಲ್ಲಿ ಅದು ಹಡಗು ಹಿಡಿದದ್ದು ಮಿನಿಕಾಯ್ ದ್ವೀಪದ ಸುತ್ತಮುತ್ತ. ಆದರೆ ಜರ್ಮನಿ ಅನ್ನುವುದು ಮಂಗಳೂರಿಗೆ ಹೊಸದಲ್ಲ. ಬಾಸೆಲ್ ಮಿಷನ್‌ನವರು 1834ರಿಂದ ಅಲ್ಲಿದ್ದರು. ಹೆಂಚಿನ ಕಾರ್ಖಾನೆ, ಮಗ್ಗ, ಛಾಪಖಾನೆ ನಡೆಸುತ್ತಿದ್ದರು. ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು ಅಲ್ಲೇ, 1894ರಲ್ಲಿ. ಯುದ್ಧ ಬಂದದ್ದೇ ತಡ, ಮಿಷನ್ನಿನ ಜರ್ಮನರು ಶತ್ರು ದೇಶದವರಾಗಿಬಿಟ್ಟರು. ಅಹಮದ್‌ನಗರದ ಶಿಬಿರಕ್ಕೆ ಹೋಗಬೇಕಾಯಿತು, ಕಾರ್ಖಾನೆಗಳು ಕೈತಪ್ಪಿದವು. ಗುಂಡು ಬೀಳದ ಊರಿಗೂ ಯುದ್ಧ ಹೀಗೆ ಬರುತ್ತದೆ. ಇರಲಿ, ಸ್ಪೇ ಕಡೆಗೆ ಹೋಗೋಣ.

ಪೆಸಿಫಿಕ್ ದಾಟುವ ಆ ಪ್ರಯಾಣ ಕೇಳಿದರೆ ಕೆಲವೊಮ್ಮೆ ನಗು ಬರುತ್ತದೆ. ಸೆಪ್ಟೆಂಬರ್ 14ಕ್ಕೆ ಸಮೋವಾದ ಅಪಿಯಾಗೆ ಹೋದ. ಅದು ಜರ್ಮನ್ ವಸಾಹತು, ಎರಡು ವಾರದ ಹಿಂದೆ ನ್ಯೂಜಿಲೆಂಡಿನವರು ಹಿಡಿದಿದ್ದರು. ಬಂದರಿನಲ್ಲಿ ಶತ್ರು ಹಡಗು ಸಿಗಬಹುದು ಅಂತ ಹೋದರೆ ಬಂದರು ಖಾಲಿ. ಊರಿಗೆ ಗುಂಡು ಹಾರಿಸಿದರೆ ಒಡೆಯುವುದು ತಮ್ಮದೇ ಜನರ ಮನೆ. ಸುಮ್ನೆ ವಾಪಸ್ ಬಂದ. ಆಮೇಲೆ ಬೋರಾ ಬೋರಾ, ಫ್ರೆಂಚರ ದ್ವೀಪ. ಬಾವುಟ ಹಾರಿಸದೆ ಹೋಗಿ ನಿಂತ. ಇಂಗ್ಲಿಷ್, ಫ್ರೆಂಚ್ ಚೆನ್ನಾಗಿ ಬರುವ ಆಫೀಸರುಗಳನ್ನು ಮಾತ್ರ ಮಾತಾಡಲು ಬಿಟ್ಟ. ದ್ವೀಪದವರು ಬ್ರಿಟಿಷ್ ಹಡಗು ಅಂದುಕೊಂಡು ಮಾಂಸ, ತರಕಾರಿ ಎಲ್ಲ ಕೊಟ್ಟರು. ಇವನು ನಗದು ಕೊಟ್ಟ. ಹೊರಡುವಾಗ ದಡದಲ್ಲಿ ಮರ್ಯಾದೆಗೆ ಫ್ರೆಂಚ್ ಬಾವುಟ ಏರಿಸಿದರು. ಆಗ ಇವನೂ ಮರ್ಯಾದೆಗೆ ಬಾವುಟ ಏರಿಸಿದ, ಜರ್ಮನ್ ಬಾವುಟ!

ಮಾರನೇ ದಿನ ಪಪೀಟೆ. ಅಲ್ಲಿ ಕಲ್ಲಿದ್ದಲಿನ ದಾಸ್ತಾನು ಇತ್ತು, ಅದೇ ಅವನ ಕಣ್ಣಿಗೆ ಬಿದ್ದಿದ್ದು. ಇವನನ್ನು ಕಂಡ ಫ್ರೆಂಚರು ಆ ದಾಸ್ತಾನಿಗೆ ತಾವೇ ಬೆಂಕಿ ಇಟ್ಟರು. ಬಂದರಿನಲ್ಲಿದ್ದ ತಮ್ಮ ಸಣ್ಣ ಗನ್‌ಬೋಟನ್ನು ತಾವೇ ಮುಳುಗಿಸಿದರು. ಸ್ಪೇ ಊರಿನ ಮೇಲೆ ಒಂದಷ್ಟು ಗುಂಡು ಹಾರಿಸಿದ. ಲಾಭ ಏನು? ಒಂದು ಚೀಲ ಕಲ್ಲಿದ್ದಲೂ ಸಿಗಲಿಲ್ಲ, ಹಾರಿಸಿದ ಗುಂಡು ಮತ್ತೆ ಸಿಗುವುದಿಲ್ಲ. ಎಲ್ಲಿದ್ದಾನೆ ಅಂತ ಪ್ರಪಂಚಕ್ಕೆ ಗೊತ್ತಾಯಿತು. ನನ್ನನ್ನು ಕೇಳಿದರೆ ಅವನ ಮೊದಲ ತಪ್ಪು ಇದು. ಇದೇ ತಪ್ಪನ್ನು ಮತ್ತೆ ಮಾಡುತ್ತಾನೆ, ನೋಡುತ್ತಿರಿ.

ಅಕ್ಟೋಬರ್ 12ಕ್ಕೆ ಈಸ್ಟರ್ ದ್ವೀಪ, ಆ ದೊಡ್ಡ ಕಲ್ಲಿನ ಮುಖಗಳಿವೆಯಲ್ಲ, ಅಲ್ಲಿ. ಡ್ರೆಸ್ಡೆನ್, ಲೈಪ್ಜಿಗ್ ಅನ್ನುವ ಎರಡು ಕ್ರೂಸರುಗಳು ಬಂದು ಸೇರಿಕೊಂಡವು. ಅಲ್ಲಿ ಕುರಿ, ದನ ಸಾಕುವ ಎಸ್ಟೇಟು ನೋಡಿಕೊಳ್ಳುತ್ತಿದ್ದವನು ಒಬ್ಬ ಇಂಗ್ಲಿಷಿನವನು. ಯುದ್ಧ ಶುರುವಾಗಿದ್ದು ಅವನಿಗೆ ಗೊತ್ತೇ ಇಲ್ಲ. ಇವರಿಗೆ ಖುಷಿಯಿಂದ ಮಾಂಸ ಮಾರಿದ.

ನವೆಂಬರ್ 1, ಚಿಲಿಯ ಕೊರೊನೆಲ್ ಊರಿನ ಆಚೆ ಸಮುದ್ರ. ಬ್ರಿಟಿಷ್ ಅಡ್ಮಿರಲ್ ಕ್ರಾಡಕ್ ಇವನನ್ನು ಹುಡುಕಿಕೊಂಡು ಬಂದ. ಅವನ ಹತ್ತಿರ ಗುಡ್ ಹೋಪ್, ಮಾನ್ಮತ್ ಅನ್ನುವ ಹಳೇ ಕ್ರೂಸರುಗಳು. ಹಡಗಿನಲ್ಲಿದ್ದವರು ಬಹಳಷ್ಟು ಜನ ಆಗ ತಾನೇ ಊರಿನಿಂದ ಕರೆಸಿಕೊಂಡ ರಿಸರ್ವಿನವರು. ಗ್ಲಾಸ್ಗೋ ಅನ್ನುವುದು ಚುರುಕಾದ ಹೊಸ ಹಡಗು, ಆದರೆ ಸಣ್ಣದು. ದೊಡ್ಡ ಫಿರಂಗಿಯ ಕೆನೋಪಸ್ ನಿಧಾನ, ನೂರಾರು ಮೈಲಿ ಹಿಂದೆ ಉಳಿದಿತ್ತು.

ಸಂಜೆಯ ಹೊತ್ತು, ದೊಡ್ಡ ಅಲೆ. ಬ್ರಿಟಿಷರು ಪಶ್ಚಿಮಕ್ಕೆ, ಜರ್ಮನರು ದಡದ ಕಡೆ ಪೂರ್ವಕ್ಕೆ. ಸೂರ್ಯ ಇನ್ನೂ ಮೇಲಿದ್ದಾಗ ಬೆಳಕು ಜರ್ಮನರ ಕಣ್ಣಿಗೆ ಹೊಡೆಯುತ್ತಿತ್ತು. ಸ್ಪೇ ಹತ್ತಿರ ಹೋಗಲೇ ಇಲ್ಲ. ವೇಗ ಅವನ ಕೈಯಲ್ಲಿತ್ತು, ದೂರ ಇಟ್ಟುಕೊಂಡು ಕಾದ. ಸೂರ್ಯ ಮುಳುಗಿದ ಕೂಡಲೇ ಆಟ ತಿರುಗಿತು. ಕೆಂಪು ಆಕಾಶದ ಮುಂದೆ ಬ್ರಿಟಿಷ್ ಹಡಗುಗಳು ತೊಗಲುಗೊಂಬೆ ಪರದೆ ಮೇಲಿನ ನೆರಳಿನ ಹಾಗೆ ಕಪ್ಪಗೆ ಎದ್ದು ಕಂಡವು. ಜರ್ಮನ್ ಹಡಗುಗಳು ಹಿಂದಿನ ಗುಡ್ಡಗಳ ಕತ್ತಲಲ್ಲಿ ಕರಗಿಹೋದವು. ಆಗ ಗುಂಡು ಹಾರಿಸಿದ. ಗುಡ್ ಹೋಪ್‌ನ ಮುಂದಿನ ದೊಡ್ಡ ಫಿರಂಗಿ ಶುರುವಿನಲ್ಲೇ ಹೋಯಿತು. ಬ್ರಿಟಿಷರ ಕೆಳಗಿನ ಸಾಲಿನ ಫಿರಂಗಿಗಳಿಗೆ ಅಲೆ ನುಗ್ಗಿ ಗುರಿ ಇಡಲೂ ಆಗಲಿಲ್ಲ. ಒಂದು ಗಂಟೆಯೊಳಗೆ ಗುಡ್ ಹೋಪ್ ಸಿಡಿಯಿತು. ಮಾನ್ಮತ್ ಒಂಬತ್ತರ ಹೊತ್ತಿಗೆ, ಬಾವುಟ ಇಳಿಸದೆ, ಮುಳುಗಿತು. ಸುಮಾರು 1,600 ಜನ. ಒಬ್ಬರೂ ಬದುಕಲಿಲ್ಲ. ಜರ್ಮನರ ಕಡೆ ಮೂವರಿಗೆ ಗಾಯ. ಬ್ರಿಟಿಷ್ ನೌಕಾಪಡೆ ಸಮುದ್ರದ ಮೇಲೆ ಹೀಗೆ ಸೋತು ನೂರು ವರ್ಷ ಆಗಿತ್ತು.

ಎರಡು ದಿನದ ಮೇಲೆ ಸ್ಪೇ ವಾಲ್ಪರೈಸೊ ಬಂದರಿಗೆ ಬಂದ. ತಟಸ್ಥ ದೇಶದ ನಿಯಮ, 24 ಗಂಟೆಗಿಂತ ಜಾಸ್ತಿ ನಿಲ್ಲುವಂತಿಲ್ಲ. ಅಲ್ಲಿನ ಜರ್ಮನರಿಗೆ ಹಬ್ಬ. ಕ್ಲಬ್ಬಿನಲ್ಲಿ ಒಬ್ಬ ಎದ್ದು ಬ್ರಿಟಿಷ್ ನೌಕಾಪಡೆ ಹಾಳಾಗಲಿ ಅಂತ ಗ್ಲಾಸು ಎತ್ತಿದ. ಸ್ಪೇ ಒಪ್ಪಲಿಲ್ಲ. ಧೈರ್ಯದಿಂದ ಹೋರಾಡಿದ ಶತ್ರುವಿನ ನೆನಪಿಗೆ ಕುಡಿದು ಎದ್ದುಹೋದ ಅನ್ನುತ್ತಾರೆ. ಹೆಂಗಸೊಬ್ಬಳು ಹೂಗುಚ್ಛ ಕೊಟ್ಟಾಗ, ನನ್ನ ಸಮಾಧಿಗೆ ಚೆನ್ನಾಗಿರುತ್ತದೆ ಅಂದನಂತೆ. ಇಂಥ ಮಾತುಗಳನ್ನು ಕೇಳಿದರೆ ನನಗೆ ಸ್ವಲ್ಪ ಅನುಮಾನ. ಸತ್ತವರ ಬಾಯಲ್ಲಿ ಒಳ್ಳೇ ಮಾತು ಹಾಕುವುದು ಬದುಕಿದವರ ಅಭ್ಯಾಸ. ಆದರೆ ಇದನ್ನು ಹೇಳಿರಲಿಕ್ಕೂ ಸಾಕು, ಯಾಕೆಂದರೆ ಲೆಕ್ಕ ಅವನಿಗೆ ಗೊತ್ತಿತ್ತು. ದೊಡ್ಡ ಫಿರಂಗಿಗಳ ಗುಂಡು ಹತ್ತಿರ ಹತ್ತಿರ ಅರ್ಧ ಖರ್ಚಾಗಿತ್ತು. ಆ ಅಳತೆಯ ಗುಂಡು ಸಿಗುವುದು ಜರ್ಮನಿಯಲ್ಲಿ ಮಾತ್ರ. ಗೆದ್ದವನ ಜೇಬು ಅರ್ಧ ಖಾಲಿ. ಅದೇ ವಾರ, ನವೆಂಬರ್ 7ಕ್ಕೆ, ಚಿಂಗ್‌ಡಾವ್ ಜಪಾನಿನ ಕೈಗೆ ಹೋಯಿತು. 9ಕ್ಕೆ ಕೋಕೋಸ್ ದ್ವೀಪದ ಹತ್ತಿರ ಎಮ್ಡೆನ್ ಆಸ್ಟ್ರೇಲಿಯಾದ ಸಿಡ್ನಿ ಹಡಗಿನ ಕೈಗೆ ಸಿಕ್ಕಿ ಮುಗಿಯಿತು.

ಲಂಡನ್‌ನಲ್ಲಿ ಆಗ ತಾನೇ ಮುದುಕ ಫಿಷರ್ ನೌಕಾಪಡೆಯ ಮುಖ್ಯಸ್ಥನಾಗಿ ವಾಪಸ್ ಬಂದಿದ್ದ. ಅವನು ಹಿಂದೆ ಮುಂದೆ ನೋಡದೆ ಇನ್ವಿನ್ಸಿಬಲ್, ಇನ್‌ಫ್ಲೆಕ್ಸಿಬಲ್ ಅನ್ನುವ ಎರಡು ಬ್ಯಾಟಲ್‌ಕ್ರೂಸರುಗಳನ್ನು, ಅಂದರೆ ಬ್ಯಾಟಲ್‌ಶಿಪ್‌ನ ಫಿರಂಗಿ, ಕ್ರೂಸರಿನ ವೇಗ ಇರುವ ಹಡಗುಗಳನ್ನು, ಅಡ್ಮಿರಲ್ ಸ್ಟರ್ಡೀ ಕೈಗೆ ಕೊಟ್ಟು ಕಳಿಸಿದ. 12 ಇಂಚಿನ ಫಿರಂಗಿಗಳು. ಸ್ಪೇಯ ಹಡಗಿಗಿಂತ ಜಾಸ್ತಿ ವೇಗ. ನವೆಂಬರ್ 11ಕ್ಕೆ ಅವು ಇಂಗ್ಲೆಂಡ್ ಬಿಟ್ಟವು. ಸ್ಪೇಗೆ ಇದು ಗೊತ್ತಿಲ್ಲ.

ಸ್ಪೇ ಆಗ ಓಡಬೇಕಿತ್ತು. ಓಡಲಿಲ್ಲ. ಚಿಲಿಯ ಕರಾವಳಿಯಲ್ಲಿ, ದ್ವೀಪಗಳ ಮರೆಯಲ್ಲಿ ಕಲ್ಲಿದ್ದಲು ತುಂಬುತ್ತಾ ನವೆಂಬರ್ ಕಳೆದ. ತಿಂಗಳ ಕೊನೆಗೆ ಡೆಕ್ಕಿನ ಮೇಲೂ ರಾಶಿ ಹಾಕಿಕೊಂಡು ದಕ್ಷಿಣ ಅಮೆರಿಕದ ಕೆಳತುದಿಯ ಕೇಪ್ ಹಾರ್ನ್ ಕಡೆ ಹೊರಟ. ಅಲ್ಲಿ ಬಿರುಗಾಳಿ. ಹಡಗು ಮಗುಚದಿದ್ದರೆ ಸಾಕು ಅಂತ ಡೆಕ್ಕಿನ ಕಲ್ಲಿದ್ದಲನ್ನು ಸಮುದ್ರಕ್ಕೆ ತಳ್ಳಬೇಕಾಯಿತು. ಅಷ್ಟು ಬೆವರು ಸುರಿಸಿ ಏರಿಸಿದ್ದು! ಗಾಳಿ ನಿಂತ ಮೇಲೆ ಡ್ರೆಸ್ಡೆನ್‌ನಿಂದ ಸುದ್ದಿ ಬಂತು, ಮುಂದಿನ ನಿಲ್ದಾಣದವರೆಗೆ ಕಲ್ಲಿದ್ದಲು ಸಾಲುವುದಿಲ್ಲ. ಅದೃಷ್ಟಕ್ಕೆ ಡಿಸೆಂಬರ್ 2ಕ್ಕೆ ಲೈಪ್ಜಿಗ್ ಒಂದು ಬ್ರಿಟಿಷ್ ಹಾಯಿ ಹಡಗನ್ನು ಹಿಡಿಯಿತು. ಅದರೊಳಗೆ ಎರಡೂವರೆ ಸಾವಿರ ಟನ್‌ಗೂ ಹೆಚ್ಚು ಕಲ್ಲಿದ್ದಲು.

ಅದೃಷ್ಟ ಅಂದೆನಲ್ಲ, ಆ ಮಾತು ವಾಪಸ್ ತಗೊಳ್ಳುತ್ತೇನೆ. ಆ ಸರಕನ್ನು ಇಳಿಸಿಕೊಳ್ಳಲು ಪಿಕ್ಟನ್ ದ್ವೀಪದ ಬಳಿ ಮೂರು ದಿನ ನಿಂತರು. ಕೆಲವು ಆಫೀಸರುಗಳು ಬಾತುಕೋಳಿ ಬೇಟೆಗೆ ಹೋದರು. ಸ್ಪೇ ಗ್ನೈಸೆನಾವ್‌ಗೆ ಬಂದು ಬ್ರಿಜ್ ಆಡಿದ, ಮಗನನ್ನು ನೋಡಿದ. ಡಿಸೆಂಬರ್ 6ಕ್ಕೆ ಕ್ಯಾಪ್ಟನ್‌ಗಳ ಸಭೆ. ಫಾಕ್‌ಲ್ಯಾಂಡ್ ಮೇಲೆ ದಾಳಿ ಮಾಡೋಣ ಅಂದ. ಅಲ್ಲಿನ ವೈರ್‌ಲೆಸ್ ಸ್ಟೇಷನ್ ಒಡೆಯುವುದು, ಕಲ್ಲಿದ್ದಲು ದಾಸ್ತಾನು ಸುಡುವುದು, ಸಮೋವಾದಲ್ಲಿ ನಮ್ಮ ಗವರ್ನರನ್ನು ಹಿಡಿದರಲ್ಲ, ಅದಕ್ಕೆ ಇವರ ಗವರ್ನರನ್ನು ಹಿಡಿಯುವುದು. ಗ್ನೈಸೆನಾವ್‌ನ ಕ್ಯಾಪ್ಟನ್ ಮೇರ್ಕರ್ ಸೇರಿ ಹಲವರು ಬೇಡ ಅಂದರು. ದೂರದಿಂದ ದಾಟಿಕೊಂಡು ಮನೆ ಕಡೆ ಹೋಗೋಣ ಅಂದರು. ಸ್ಪೇ ಕೇಳಲಿಲ್ಲ. ಪಪೀಟೆ ನೆನಪಾಯಿತೇ? ಅದೇ.

ಸ್ಟರ್ಡೀ ಫಾಕ್‌ಲ್ಯಾಂಡಿಗೆ ಬಂದದ್ದು ಡಿಸೆಂಬರ್ 7ಕ್ಕೆ. ಸ್ಪೇ ಬಂದದ್ದು 8ರ ಬೆಳಿಗ್ಗೆ. ಒಂದೇ ದಿನದ ಅಂತರ. ಪಿಕ್ಟನ್‌ನ ಮೂರು ದಿನ ಇರದಿದ್ದರೆ ಬಂದರು ಹೆಚ್ಚುಕಡಿಮೆ ಖಾಲಿ ಸಿಗುತ್ತಿತ್ತು. ಕೇಪ್ ಹಾರ್ನ್‌ನಲ್ಲಿ ಸಮುದ್ರಕ್ಕೆ ಬಿದ್ದ ಕಲ್ಲಿದ್ದಲಿನ ಬೆಲೆ ಅದು.

ತಮಾಷೆ ನೋಡಿ, ಜರ್ಮನರು ಕಂಡಾಗ ಬ್ರಿಟಿಷರೂ ಕಲ್ಲಿದ್ದಲು ತುಂಬುತ್ತಿದ್ದರು. ಧೂಳಿನ ಮೋಡದಲ್ಲಿ ಮುಳುಗಿದ್ದರು. ಮುಂದೆ ಬಂದದ್ದು ಗ್ನೈಸೆನಾವ್ ಮತ್ತು ನ್ಯೂರ್ನ್‌ಬರ್ಗ್. ದಡದ ಕೆಸರಿನಲ್ಲಿ ಬೇಕೆಂದೇ ಹೂತು ನಿಲ್ಲಿಸಿದ್ದ ಹಳೇ ಕೆನೋಪಸ್, ಅಡ್ಡ ಇದ್ದ ಗುಡ್ಡವನ್ನು ದಾಟಿಸಿ ಗುಂಡು ಹಾರಿಸಿತು. ಹೊಗೆಯ ನಡುವೆ ಮೂರು ಕಾಲಿನ ಕೂವೆಮರಗಳು ಕಂಡವು. ಅಂಥ ಕೂವೆ ಇರುವುದು ಬ್ರಿಟಿಷರ ದೊಡ್ಡ ಹಡಗಿಗೆ ಮಾತ್ರ. ಸ್ಪೇ ತಿರುಗಿ ಓಡಿದ. ಬಂದರಿನ ಬಾಯಲ್ಲೇ ನಿಂತು ಒಂದೊಂದಾಗಿ ಹೊರಬರುವ ಹಡಗಿಗೆ ಹೊಡೆಯಬಹುದಿತ್ತು ಅಂತ ಈಗಲೂ ವಾದ ಮಾಡುವವರಿದ್ದಾರೆ. ಕುರ್ಚಿ ಮೇಲೆ ಕೂತು ವಾದ ಮಾಡುವುದು ಸುಲಭ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ ಅನ್ನಿ.

ಅವತ್ತು ಆಕಾಶ ತಿಳಿ, ಸಮುದ್ರ ಶಾಂತ, ಬೇಸಿಗೆಯ ಉದ್ದ ಹಗಲು. ಜರ್ಮನ್ ಹಡಗುಗಳು ತಿಂಗಳುಗಟ್ಟಲೆ ಡಾಕ್ ಕಂಡಿರಲಿಲ್ಲ. ತಳದಲ್ಲಿ ಪಾಚಿ, ಚಿಪ್ಪು. ವೇಗ ಏಳುತ್ತಿಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಗುಂಡು ಬೀಳತೊಡಗಿತು. ಆಗ ಸ್ಪೇ ಸಣ್ಣ ಕ್ರೂಸರುಗಳಿಗೆ, ನೀವು ಹೋಗಿ ಅಂತ ಸಂಕೇತ ಕೊಟ್ಟು, ತನ್ನ ಎರಡು ದೊಡ್ಡ ಹಡಗನ್ನು ಬ್ರಿಟಿಷರ ಕಡೆ ತಿರುಗಿಸಿ ನಿಂತ. ಹಾಗೆ ಕಳಿಸಿದ ಹಡಗುಗಳಲ್ಲಿ ಒಂದರಲ್ಲಿ ಓಟೊ ಇದ್ದ. ಜೊತೆಯಲ್ಲಿ ಉಳಿದ ಗ್ನೈಸೆನಾವ್‌ನಲ್ಲಿ ಹೈನ್‌ರಿಶ್.

ಸಂಜೆ 4 ಗಂಟೆ 17 ನಿಮಿಷಕ್ಕೆ ಶಾರ್ನ್‌ಹಾರ್ಸ್ಟ್ ಮುಳುಗಿತು. ಸುಮಾರು 860 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಗ್ನೈಸೆನಾವ್ ಇನ್ನೂ ಗುಂಡು ಹಾರಿಸುತ್ತಿತ್ತು, ನೀರಿಗೆ ಬಿದ್ದವರನ್ನು ಎತ್ತಲು ಯಾರೂ ನಿಲ್ಲುವಂತಿರಲಿಲ್ಲ. ಆರರ ಹೊತ್ತಿಗೆ ಅದೂ ಹೋಯಿತು. ಅದರಿಂದ ಇನ್ನೂರರ ಹತ್ತಿರ ಜನರನ್ನು ಎತ್ತಿದರು, ಹೈನ್‌ರಿಶ್ ಅವರಲ್ಲಿಲ್ಲ. ಅತ್ತ ನ್ಯೂರ್ನ್‌ಬರ್ಗ್ ಹಿಂದೆ ಕೆಂಟ್ ಅನ್ನುವ ಹಳೇ ಬ್ರಿಟಿಷ್ ಕ್ರೂಸರ್ ಬಿದ್ದಿತ್ತು. ಅದಕ್ಕೆ ಕಲ್ಲಿದ್ದಲು ಕಡಿಮೆ. ಹಡಗಿನವರು ಮೇಜು, ಕುರ್ಚಿ, ಏಣಿ, ಕೈಗೆ ಸಿಕ್ಕ ಮರವನ್ನೆಲ್ಲ ಒಡೆದು ಬಾಯ್ಲರಿಗೆ ಹಾಕಿದರು. ನ್ಯೂರ್ನ್‌ಬರ್ಗ್‌ನಲ್ಲೂ ಬೆಂಕಿ ಅತಿಯಾಗಿ ಎರಡು ಬಾಯ್ಲರು ಸಿಡಿದವು. ಏಳೂವರೆಗೆ ಅದು ಮುಳುಗಿತು, ಓಟೊ ಜೊತೆಗೆ. ತಂದೆ, ಇಬ್ಬರು ಮಕ್ಕಳು, ಮೂರು ಬೇರೆ ಬೇರೆ ಹಡಗು, ಒಂದೇ ಮಧ್ಯಾಹ್ನ. ಲೈಪ್ಜಿಗ್ ಕೂಡ ಉಳಿಯಲಿಲ್ಲ. ಡ್ರೆಸ್ಡೆನ್ ಒಂದೇ ತಪ್ಪಿಸಿಕೊಂಡಿತು. ಹೌದು, ಕಲ್ಲಿದ್ದಲು ಸಾಲದು ಅಂದಿತ್ತಲ್ಲ, ಅದೇ ಡ್ರೆಸ್ಡೆನ್. ಮೂರು ತಿಂಗಳ ಮೇಲೆ ಅದೂ ಸಿಕ್ಕಿಬಿತ್ತು.

ಶಾರ್ನ್‌ಹಾರ್ಸ್ಟ್ ಎಲ್ಲಿ ಬಿದ್ದಿದೆ ಅಂತ 2014ರಲ್ಲಿ ಹುಡುಕಲು ಶುರು ಮಾಡಿದರು. ಸಿಕ್ಕಿದ್ದು 2019ರ ಡಿಸೆಂಬರ್‌ನಲ್ಲಿ, 1,610 ಮೀಟರ್ ಆಳದಲ್ಲಿ. ಅದು ಸಮಾಧಿ, ಹಾಗಾಗಿ ಏನನ್ನೂ ಮುಟ್ಟದೆ ಚಿತ್ರ ತೆಗೆದುಕೊಂಡು ಬಂದರು.

ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು. 1917ರಲ್ಲಿ ಗ್ರಾಫ್ ಸ್ಪೇ ಅನ್ನುವ ಹೊಸ ಹಡಗನ್ನು ನೀರಿಗೆ ಇಳಿಸಿದಾಗ ಹೆಸರಿಟ್ಟವಳು ಹೆಂಡತಿ ಮಾರ್ಗರೇಟೆ. ಆ ಹಡಗು ಪೂರ್ತಿ ಆಗಲೇ ಇಲ್ಲ, ಗುಜರಿಗೆ ಹೋಯಿತು. 1934ರಲ್ಲಿ ಅಡ್ಮಿರಲ್ ಗ್ರಾಫ್ ಸ್ಪೇ ಅಂತ ಇನ್ನೊಂದು. ಅದಕ್ಕೆ ಹೆಸರಿಟ್ಟವಳು ಮಗಳು ಹುಬೆರ್ಟಾ. ಈ ಹಡಗಿಗೆ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸವೇ ಇಲ್ಲ, ಡೀಸೆಲ್ ಇಂಜಿನ್. ಒಂದು ಸಲ ತುಂಬಿದರೆ ಸಾಗರಗಳನ್ನೇ ದಾಟಬಹುದು. 1939ರ ಡಿಸೆಂಬರ್ 13ಕ್ಕೆ ಅದು ದಕ್ಷಿಣ ಅಮೆರಿಕದ ಅದೇ ಅಟ್ಲಾಂಟಿಕ್ ಕಡೆಯಲ್ಲಿ ಮೂರು ಬ್ರಿಟಿಷ್ ಹಡಗುಗಳ ಜೊತೆ ಕಾದಾಡಿ, ಗಾಯ ಮಾಡಿಕೊಂಡು, ತಟಸ್ಥ ಬಂದರು ಮಾಂಟೆವಿಡಿಯೊಗೆ ಬಂತು. ಅಲ್ಲೂ ಇಷ್ಟು ಗಂಟೆಗಿಂತ ಜಾಸ್ತಿ ನಿಲ್ಲುವಂತಿಲ್ಲ ಅನ್ನುವ ನಿಯಮ. ಟ್ಯಾಂಕಿನಲ್ಲಿ ಎಣ್ಣೆ ಇತ್ತು, ಆದರೆ ಅದನ್ನು ಸೋಸಿ ಇಂಜಿನ್ನಿಗೆ ಕೊಡುವ ವ್ಯವಸ್ಥೆ ಗುಂಡಿಗೆ ಹಾಳಾಗಿತ್ತು. 17ಕ್ಕೆ ಕ್ಯಾಪ್ಟನ್ ಲಾಂಗ್ಸ್‌ಡಾರ್ಫ್ ಹಡಗನ್ನು ಬಂದರಿನ ಹೊರಗೆ ಒಯ್ದು, ತನ್ನವರನ್ನು ಇಳಿಸಿ, ತಾನೇ ಸಿಡಿಸಿ ಮುಳುಗಿಸಿದ.